ರಜೆ ಆಚೆ, ಮಳೆ ಈಚೆ

ಜುಲೈ ತಿಂಗಳಲ್ಲಿ ರಾತ್ರಿ ಊಟ ಆದಮೇಲೆ ನಮ್ಮ ಮನೆಯ ಜಗಲಿಯಲ್ಲಿ ಮೂವರು ನಿಂತು ಆಕಾಶ ನೋಡುತ್ತೇವೆ. ಮೂವರಿಗೂ ಬೇಕಾದದ್ದು ಬೇರೆ ಬೇರೆ. ಇವರಿಗೆ, ಅಂದರೆ ನನ್ನ ಗಂಡನಿಗೆ, ಎರಡು ದಿನ ಮಳೆ ಬಿಡಬೇಕು. ಅಡಿಕೆಗೆ ಎರಡನೇ ಸಲ ಮದ್ದು ಬಿಡಲಿಕ್ಕೆ ಬಾಕಿ ಉಂಟು. ಆರನೇ ಕ್ಲಾಸಿನ ಮಗನಿಗೆ ಇಪ್ಪತ್ತು ಸೆಂಟಿಮೀಟರಿಗಿಂತ ಜಾಸ್ತಿ ಮಳೆ ಬೇಕು. ಅಷ್ಟು ಬರುವ ಅಂದಾಜಿದ್ದರೆ ರೆಡ್ ಅಲರ್ಟ್, ರೆಡ್ ಅಲರ್ಟ್ ಇದ್ದರೆ ಹೆಚ್ಚುಕಡಿಮೆ ರಜೆ. ನನಗೆ ಮಳೆ ಬಂದರೂ ಅಡ್ಡಿಯಿಲ್ಲ, ಬಾರದಿದ್ದರೂ ಅಡ್ಡಿಯಿಲ್ಲ, ರೈಲು ಬಂದರೆ ಸಾಕು. ಅತ್ತೆ ಆಕಾಶ ನೋಡಲಿಕ್ಕೆ ಬರುವುದಿಲ್ಲ. ಅವರ ಹವಾಮಾನ ಇಲಾಖೆ ಬಲಗಾಲಿನ ಮೊಣಗಂಟಿನಲ್ಲೇ ಉಂಟು.

ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕೆಲಸ ಮಂಗಳೂರಿನ ಹಂಪನಕಟ್ಟೆಯ ಒಂದು ಆಡಿಟರ್ ಆಫೀಸಿನಲ್ಲಿ. ನಡುವೆ ತೋಡು ದಾಟಲಿಕ್ಕೆ ಅಡಿಕೆ ಮರದ ಸಂಕ ಒಂದು, ಕುಂಬಳೆಯವರೆಗೆ ಬಸ್ಸು ಒಂದು, ಅಲ್ಲಿಂದ ರೈಲು ಒಂದು, ರಾಜ್ಯದ ಗಡಿ ಒಂದು. ಎಲ್ಲ ಸರಿ ಇದ್ದರೆ ಒಂದು ಬದಿಗೆ ಎರಡು ಗಂಟೆ. ಎಲ್ಲ ಸರಿ ಇದ್ದ ದಿನ ಒಂದು ಸಲ ಬಂದಿತ್ತು. ಅರ್ಧ ದಾರಿಯಲ್ಲಿ ಆವತ್ತು ಭಾನುವಾರ ಅಂತ ಗೊತ್ತಾಯಿತು.

ಈ ಗಡಿ ಬಂದದ್ದು 1956ರ ನವೆಂಬರ್ 1ಕ್ಕೆ. ಅದಕ್ಕೆ ಮೊದಲು ನಮ್ಮೂರು, ಮಂಗಳೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ. ಗೆರೆ ಎಳೆದವರು ಭಾಷೆಯ ಲೆಕ್ಕ ಎಷ್ಟು ನೋಡಿದರೋ ಗೊತ್ತಿಲ್ಲ, ನನ್ನ ರಜೆಯ ಲೆಕ್ಕವಂತೂ ನೋಡಿಲ್ಲ. ಓಣಂಗೆ ಮಗನಿಗೆ ಉದ್ದದ ರಜೆ, ನನಗೆ ಆಫೀಸು. ರಾಜ್ಯೋತ್ಸವಕ್ಕೆ ನನಗೆ ರಜೆ, ಮಗನಿಗೆ ಶಾಲೆ. ಅದೇ ದಿನ ಕೇರಳವೂ ಹುಟ್ಟಿದ್ದು, ಆದರೆ ಹುಟ್ಟುಹಬ್ಬಕ್ಕೆ ರಜೆ ಕೊಡುವ ಕ್ರಮ ಅವರಲ್ಲಿ ಇಲ್ಲ. ಇದೆಲ್ಲ ಕ್ಯಾಲೆಂಡರಿನಲ್ಲಿ ಮೊದಲೇ ಇರುವುದು, ಹೊಂದಿಸಿಕೊಳ್ಳಬಹುದು. ಕಷ್ಟ ಮಳೆಯ ರಜೆಯದ್ದು.

ಮಳೆಯ ರಜೆ ಈಚೆ ಕಾಸರಗೋಡಿನ ಕಲೆಕ್ಟರ್ ಕೊಡುವುದು, ಆಚೆ ಮಂಗಳೂರಿನ ಜಿಲ್ಲಾಧಿಕಾರಿ. ಕಾಸರಗೋಡಿನ ಅಲರ್ಟ್ ತಿರುವನಂತಪುರದ ಹವಾಮಾನ ಕೇಂದ್ರದಿಂದ ಬರುತ್ತದೆ, ದಕ್ಷಿಣ ಕನ್ನಡದ್ದು ಬೆಂಗಳೂರಿನಿಂದ. ಮೋಡ ಮಾತ್ರ ಎರಡಕ್ಕೂ ಒಂದೇ ಸಮುದ್ರದಿಂದ. ಬಣ್ಣಗಳ ಲೆಕ್ಕ ನಮ್ಮ ಮಗನಿಗೆ ಮಗ್ಗಿಯ ಹಾಗೆ ಬಾಯಿಪಾಠ. 24 ಗಂಟೆಗೆ 64.5 ಮಿಲಿಮೀಟರಿನಿಂದ 115.5ರವರೆಗೆ ಹಳದಿ, 115.6ರಿಂದ 204.4ರವರೆಗೆ ಕಿತ್ತಳೆ, ಅದರ ಮೇಲೆ ಕೆಂಪು. ಹನ್ನೆರಡರ ಮಗ್ಗಿ ಕೇಳಿದರೆ ಹನ್ನೆರಡು ಏಳಲಿ ಎಂಬತ್ತಾರು ಅನ್ನುತ್ತಾನೆ.

ರಜೆಯ ನೋಟೀಸು ಓದಲಿಕ್ಕೆ ಚಂದ. ಅಂಗನವಾಡಿ, ಮದ್ರಸ, ಟ್ಯೂಷನ್ ಸೆಂಟರ್, ಪ್ರೊಫೆಶನಲ್ ಕಾಲೇಜು ಎಲ್ಲ ಸೇರಿಸಿಕೊಂಡು ಮದುವೆ ಕಾಗದದ ಹಾಗೆ ಉದ್ದ ಇರುತ್ತದೆ. ಪಕ್ಕದ ರಾಜ್ಯದ ಆಡಿಟರ್ ಆಫೀಸಿನ ಕ್ಲಾರ್ಕು ಅಂತ ಒಂದು ಸಾಲು ಎಲ್ಲಾದರೂ ಉಂಟಾ ಅಂತ ನಾನು ಪ್ರತಿ ಸಲ ಕೊನೆಯವರೆಗೂ ಓದುತ್ತೇನೆ. ಹಳೇ ನೋಟೀಸುಗಳೂ ವಾಟ್ಸಾಪಿನಲ್ಲಿ ಮಳೆಗಾಲದ ಅಣಬೆಯ ಹಾಗೆ ಏಳುತ್ತವೆ. ಕಳೆದ ವರ್ಷ ಮಗ ಒಂದು ನೋಟೀಸು ನಂಬಿ ಬೆಚ್ಚಗೆ ಹೊದ್ದು ಮಲಗಿದ. ಅದು ಅದಕ್ಕೂ ಹಿಂದಿನ ವರ್ಷದ್ದು. ಆಮೇಲಿಂದ ಅವನು ತಾರೀಕು ಓದಲಿಕ್ಕೆ ಕಲಿತ. ಶಾಲೆಯಲ್ಲಿ ಕಲಿಯದ್ದನ್ನು ರಜೆ ಕಲಿಸಿತು.

ಜುಲೈಯಲ್ಲಿ ನನಗೆ ರಜೆ ಕೇಳುವ ಹಾಗೇ ಇಲ್ಲ. ಆದಾಯ ತೆರಿಗೆ ರಿಟರ್ನಿಗೆ ಸಾಮಾನ್ಯವಾಗಿ ಜುಲೈ 31 ಕೊನೆ ದಿನ. ವರ್ಷವಿಡೀ ಬಾರದವರು ಆ ತಿಂಗಳು ಒದ್ದೆ ಕೊಡೆ, ಒದ್ದೆ ಫಾರಂ 16 ಹಿಡಿದುಕೊಂಡು ಬರುತ್ತಾರೆ. ಅದೇ ತಿಂಗಳ ನಡುವಿಗೆ ತುಳುವರ ಆಟಿ ತಿಂಗಳು ಶುರು. ಬಿಸಿಲಿಗೆ ಆನೆ ಬೆನ್ನು ಒಡೆಯುವ, ಮಳೆಗೆ ಬಾಳೆಬುಡ ಕೊಳೆಯುವ ತಿಂಗಳು ಅಂತ ಅತ್ತೆ ಹೇಳುತ್ತಾರೆ. ತೆರಿಗೆಯ ದಿನ ಗೊತ್ತು ಮಾಡಿದವರು ದೆಹಲಿಯವರು. ಪತ್ರೊಡೆ ತಿನ್ನದವರಿಗೆ ಆಟಿ ಹೇಗೆ ಗೊತ್ತಾಗಬೇಕು?

ನಮ್ಮ ಸಾರ್ ಕೆಟ್ಟವರಲ್ಲ. ಅವರ ಕಿಟಕಿಯಲ್ಲಿ ಕಾಣುವ ಆಕಾಶವೇ ಆಕಾಶ ಅಂತ ನಂಬಿದ್ದಾರೆ, ಅಷ್ಟೆ. "ಸಾರ್, ನಮ್ಮಲ್ಲಿ ಕೆಂಪು" ಅಂತ ನಾನು ಫೋನು ಮಾಡಿದರೆ "ನಮ್ಮಲ್ಲಿ ಹಳದಿ ಮಾರಾಯ್ರೇ, ಬನ್ನಿ ಬನ್ನಿ" ಅನ್ನುತ್ತಾರೆ, ಬಟಾಣಿಕಡ್ಲೆಗೆ ಕರೆದ ಹಾಗೆ.

ಒಮ್ಮೆ ಮಾತ್ರ "ಮನೆಯಿಂದಲೇ ಮಾಡಿ" ಅಂದಿದ್ದರು. ಅದು 2021ರ ಮೇ, ಎರಡೂ ಕಡೆ ಲಾಕ್‌ಡೌನ್. ಆಗಲೇ ತೌಕ್ತೆ ಚಂಡಮಾರುತ ಬಂತು. ಆ ಹೆಸರು ಇಟ್ಟದ್ದು ಮ್ಯಾನ್ಮಾರ್, ಜೋರಾಗಿ ಕೂಗುವ ಒಂದು ಜಾತಿಯ ಹಲ್ಲಿ ಅಂತ ಅರ್ಥ. ಅತ್ತೆಗೆ ಹೇಳಿದೆ. "ಹಲ್ಲಿಯಾ? ಹಾಗಾದ್ರೆ ಅದು ಹೇಳಿದ್ದು ಸತ್ಯ ಆಗ್ತದೆ" ಅಂದು ನೆಲಕ್ಕೆ ಮೂರು ಸಲ ಬೆರಳು ಕುಟ್ಟಿದರು. ಸತ್ಯವೇ ಆಯಿತು. ನಾಲ್ಕು ದಿನ ಕರೆಂಟಿಲ್ಲ. ರೇಂಜಿಗೆ ಅಂತ ನಾನು ಲ್ಯಾಪ್‌ಟಾಪನ್ನು ಗೊಬ್ಬರದ ಪ್ಲಾಸ್ಟಿಕ್ ಗೋಣಿಯಲ್ಲಿ ಸುತ್ತಿಕೊಂಡು ಗುಡ್ಡೆ ಹತ್ತಿ, ಗೇರುಮರದ ಬುಡದಲ್ಲಿ ಕೊಡೆ ಕಟ್ಟಿ ಕೂತೆ. ಸಾರ್ ವಿಡಿಯೋದಲ್ಲಿ ನೋಡಿ "ಎಲ್ಲಿ, ಟೂರಿಗೆ ಹೋಗಿದ್ದೀರಾ?" ಅಂತ ಕೇಳಿದರು. ಮನೆಯಿಂದ ಕೆಲಸ ಅಂದರೆ ಈಗಲೂ ನನಗೆ ಮೊದಲು ನೆನಪಾಗುವುದು ಕೆಂಪಿರುವೆ.

ಇಷ್ಟೆಲ್ಲ ಪೀಠಿಕೆ ಹೋದ ವರ್ಷದ ಒಂದು ಬುಧವಾರದ್ದು.

ಮಂಗಳವಾರ ರಾತ್ರಿ ಗಾಳಿ ಶುರುವಾಯಿತು. ತೆಂಗಿನ ಮಡಲು ಮಾಡಿಗೆ ಬೀಳುವ ಶಬ್ದ, ಅಡಿಕೆ ಮರ ಮುರಿಯುವ ಶಬ್ದ. ಇವರು ಹಾಸಿಗೆಯಲ್ಲೇ ಕೂತು "ಒಂದು... ಎರಡು..." ಅಂತ ಲೆಕ್ಕ ಹಾಕುತ್ತಿದ್ದರು. ಎರಡು ಗಂಟೆಗೆ ಟ್ರಾನ್ಸ್‌ಫಾರ್ಮರ್ ಠಪ್ ಅಂತು. ಬೆಳಿಗ್ಗೆ ಇನ್ವರ್ಟರ್ ಮುಗಿದಿತ್ತು, ಮಿಕ್ಸಿ ಇಲ್ಲ, ಚಟ್ನಿಗೆ ಅರೆಯುವ ಕಲ್ಲೇ ಗತಿ. ಮೊಬೈಲಿನಲ್ಲಿ 9 ಪರ್ಸೆಂಟ್ ಚಾರ್ಜು. ಅದರಲ್ಲಿ 4 ಪರ್ಸೆಂಟ್ ಮಗ ಕಲೆಕ್ಟರಿಗೆ ಖರ್ಚು ಮಾಡಿದ. ರಜೆ ಖಚಿತ, ತಾರೀಕೂ ಸರಿ ಉಂಟು. ಉಳಿದದ್ದರಲ್ಲಿ ನಾನು ಸಾರ್‌ಗೆ ಫೋನು ಮಾಡಿದೆ. "ಇಲ್ಲಿ ಎಂತದೂ ಇಲ್ಲ, ಹೊರಡಿ" ಅಂದರು.

ಬಟ್ಟೆಯ ವಿಷಯ ಒಂದು ಹೇಳಬೇಕು. ಆಟಿಯಲ್ಲಿ ನಮ್ಮ ಬಟ್ಟೆ ಒಣಗುವುದು ಬಚ್ಚಲಿನ ಒಲೆಯ ಮೇಲೆ. ಒಲೆಗೆ ಹಾಕುವುದು ಅಡಿಕೆ ಸಿಪ್ಪೆ, ತೆಂಗಿನ ಗೆರಟೆ. ಬಟ್ಟೆ ಒಣಗುತ್ತದೆ, ಆದರೆ ಹೊಗೆ ಕುಡಿದು ಒಣಗುತ್ತದೆ. "ಅಕ್ಕ ಹತ್ತಿರ ಬಂದ್ರೆ ಹಪ್ಪಳ ಸುಟ್ಟ ಪರಿಮಳ" ಅಂತ ಆಫೀಸಿನ ಹುಡುಗಿ ಹೇಳಿದ್ದಳು. ಹೊಗಳಿದ್ದೋ ಬೈದದ್ದೋ ಈಗಲೂ ಗೊತ್ತಿಲ್ಲ. ಆವತ್ತು ಅಂಥ ಒಂದು ಚೂಡಿದಾರ ಹಾಕಿ, ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಮೇಲೆ ಇವರ ರೈನ್‌ಕೋಟು ತೊಟ್ಟೆ. ಮದ್ದು ಬಿಡುವ ದಿನ ಹಾಕುವ ರೈನ್‌ಕೋಟು ಅದು. ಮೈತುತ್ತು, ಸುಣ್ಣದ ನೀಲಿ ಕಲೆ ತುಂಬ ಇತ್ತು. ಇವರು ಗೇಟಿನವರೆಗೆ ಬಂದರು. ನನ್ನ ಮೇಲಿನ ಪ್ರೀತಿಯಿಂದ ಅಂತ ತಿಳಿದಿದ್ದೆ. "ಕೋಟು ರೈಲಿನಲ್ಲಿ ಬಿಟ್ಟು ಬರಬೇಡ" ಅಂದರು.

ತೋಡು ತುಂಬಿ ಸಂಕ ಮುಳುಗಿತ್ತು. ಸುತ್ತು ದಾರಿಯಲ್ಲಿ ಪಕ್ಕದವರ ತೋಟದ ಮುರಕಲ್ಲಿನ ಮೆಟ್ಟಿಲು, ಅದರ ಮೇಲೆ ಪಾಚಿ. ನಾನು ಬಿದ್ದೆ ಅಂತ ಹೇಳುವುದಿಲ್ಲ. ಮೇಲಿನ ಮೆಟ್ಟಿಲಿನಲ್ಲಿ ಕೂತೆ, ಕೆಳಗಿನ ಮೆಟ್ಟಿಲಿನಲ್ಲಿ ಎದ್ದೆ. ನಡುವಿನ ಏಳು ಮೆಟ್ಟಿಲು ನೆನಪಿಲ್ಲ.

ಬಸ್ಸು ಬಂತು. ಒಳಗೆ ಕಿಟಕಿಗೆಲ್ಲ ಟರ್ಪಾಲು ಇಳಿಸಿ ಕತ್ತಲೆ. ಮಾಡಿನ ಜೋಡಣೆಯಿಂದ ನೀರು ಒಂದೇ ಗೆರೆಯಲ್ಲಿ ಸೋರುತ್ತಿತ್ತು. ಗೆರೆಯ ಕೆಳಗೆ ಸಿಕ್ಕಿದ ಒಬ್ಬರು ಯಜಮಾನರು ಬಸ್ಸಿನೊಳಗೇ ಕೊಡೆ ಬಿಡಿಸಿದರು. ಕಂಡಕ್ಟರು "ಕೊಡೆಗೆ ಬೇರೆ ಟಿಕೆಟು" ಅಂದ. "ಸೋರುವುದಕ್ಕೆ ಎಷ್ಟು ಕಡಿಮೆ ಮಾಡ್ತೀಯ, ಅದು ಮೊದಲು ಹೇಳು" ಅಂದರು ಯಜಮಾನರು. ಅವನು "ಮುಂದೆ ಹೋಗಿ", "ದುಂಬು ಪೋಲೆ", "ಮುನ್ನೋಟ್ ಪೋಯಿಕ್ಕೋ" ಅಂತ ಮೂರು ಭಾಷೆಯಲ್ಲಿ ಕೂಗಿದ. ನಮ್ಮದು ಸಪ್ತಭಾಷೆಯ ನಾಡು, ಇನ್ನೂ ನಾಲ್ಕು ಬಾಕಿ ಇದ್ದವು. ಯಾವ ಭಾಷೆಯವರೂ ಮುಂದೆ ಹೋಗಲಿಲ್ಲ.

ಕುಂಬಳೆ ಸ್ಟೇಷನ್ನಿನಲ್ಲಿ ನಮ್ಮ ಸೀಸನ್ ಟಿಕೆಟಿನ ಬಳಗ ಪೂರ್ತಿ ಪ್ಲಾಟ್‌ಫಾರಂ ಮೇಲೆ. ದಿನಾ ರೈಲಿನಲ್ಲಿ ಜಾಗಕ್ಕೆ ಜಗಳಾಡುವವರು ಆವತ್ತು ಅಣ್ಣತಮ್ಮಂದಿರ ಹಾಗೆ ಒಂದೇ ಶೀಟಿನಡಿ ನಿಂತಿದ್ದರು. ಮಳೆಗಾಲದ ರೈಲಿನ ಜಗಳಕ್ಕೆ ಒಂದು ದಿಕ್ಕು ಉಂಟು. ಮಳೆ ಸಮುದ್ರದ ಕಡೆಯಿಂದ ಹೊಡೆಯುವುದು. ಹಾಗಾಗಿ ಬೆಳಿಗ್ಗೆ ಮಂಗಳೂರಿಗೆ ಹೋಗುವಾಗ ಎಡಬದಿಯ ಸೀಟು ಒದ್ದೆ, ಸಂಜೆ ಬರುವಾಗ ಬಲಬದಿಯದ್ದು. ಇದು ಗೊತ್ತಿಲ್ಲದೆ ಖಾಲಿ ಸೀಟು ಸಿಕ್ಕಿತು ಅಂತ ಓಡಿಬಂದು ಕೂರುವವರನ್ನು ನಾವು ಯಾರೂ ತಡೆಯುವುದಿಲ್ಲ. ಅವರು ಎದ್ದು ನಿಂತು ಹಿಂದೆ ಮುಟ್ಟಿ ನೋಡಿಕೊಳ್ಳುವಾಗ ಎಲ್ಲರೂ ಕಿಟಕಿಯ ಆಚೆ ನೋಡುತ್ತೇವೆ.

ಹಳಿಯ ಮೇಲೆ ಮರ ಬಿದ್ದಿದೆ ಅಂತ ಸುದ್ದಿ ಬಂತು. ಎಲ್ಲಿ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಮರದ ಜಾತಿ ಮಾತ್ರ ಎಲ್ಲರಿಗೂ ಗೊತ್ತಿತ್ತು, ಮಾವು. ಸೀಸನ್ ಟಿಕೆಟು ಬಸ್ಸಿಗೆ ನಡೆಯುವುದಿಲ್ಲ. ಕಾದು ಕಾದು ಹೆದ್ದಾರಿಗೆ ಬಂದೆ. ಹೆದ್ದಾರಿ ಆರು ಲೇನು ಆಗುವ ಗಲಾಟೆಯಲ್ಲಿ ಬಸ್ಸು ನಿಲ್ಲುವ ಜಾಗ ಸರ್ವಿಸ್ ರಸ್ತೆಗೆ ಇಳಿದಿದೆ. ನೀರೂ ಅಲ್ಲಿಗೇ ಇಳಿದಿತ್ತು. ಬಸ್ಸು ಬಂದಾಗ ಅದರ ಅಲೆ ಮೊದಲು ಬಂತು, ಸೊಂಟದವರೆಗೆ. ಆಮೇಲೆ ಶಿರಿಯ ಹೊಳೆ, ಉಪ್ಪಳ, ಹೊಸಂಗಡಿ, ಎಲ್ಲ ಕಡೆ ನಿಂತು ನಿಂತು, ಗಾಜಿನ ಆಚೆ ಬಿಳಿ ಮಳೆ ಬಿಟ್ಟರೆ ಬೇರೆ ಏನೂ ಕಾಣದೆ, ತಲಪಾಡಿ ಬಂತು.

ತಲಪಾಡಿಯಲ್ಲಿ ಬಿಸಿಲು.

ಸುಳ್ಳಲ್ಲ. ಟೋಲ್ ಗೇಟಿನ ಆಚೆ ರಸ್ತೆ ಒಣಗಿತ್ತು. ತೊಕ್ಕೊಟ್ಟಿನಲ್ಲಿ ಒಬ್ಬ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದ. ನನ್ನನ್ನು ನೋಡಿ ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದ. ಹಂಪನಕಟ್ಟೆಯಲ್ಲಿ ಇಳಿದಾಗ ಹನ್ನೆರಡು ಹತ್ತು. ಸುತ್ತ ಇಸ್ತ್ರಿ ಹಾಕಿದ ಜನ. ನಡುವೆ ನೀಲಿ ಕಲೆಯ ರೈನ್‌ಕೋಟು ಹಾಕಿ, ಮೊಣಕಾಲಿನವರೆಗೆ ಕೆಸರಿನಲ್ಲಿ, ಮಡಚಲಾಗದೆ ಉಲ್ಟಾ ಆದ ಕೊಡೆ ಹಿಡಿದುಕೊಂಡು ನಾನು. ಒಬ್ಬಾಕೆ ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು.

ಆಫೀಸಿನ ಮೆಟ್ಟಿಲಿನಲ್ಲಿ ನನ್ನ ಹಿಂದೆ ನೀರಿನ ಗೆರೆ. ಸಾರ್ ಕಿಟಕಿಯ ಬಿಸಿಲು ನೋಡಿದರು, ನನ್ನನ್ನು ನೋಡಿದರು, ಗಡಿಯಾರ ನೋಡಿದರು. ಪೆನ್ಶನ್ ಕಾಗದ ಹಿಡಿದು ಕೂತಿದ್ದ ಒಬ್ಬರು ಮೇಷ್ಟ್ರು ಮಾತ್ರ "ಕಾಸರಗೋಡಿನ ಕಡೆಯವರಾ?" ಅಂತ ಮರ್ಯಾದೆಯಿಂದ ಕೇಳಿದರು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದ ಒಣ ಬಟ್ಟೆ ಬಿಚ್ಚಿದೆ. ಏಳು ಮೆಟ್ಟಿಲಿನ ಲೆಕ್ಕದಲ್ಲಿ ಪ್ಲಾಸ್ಟಿಕ್ಕು ಹರಿದಿತ್ತು. ಸಂಜೆಯವರೆಗೆ ಫ್ಯಾನಿನ ಕೆಳಗೆ ಕೂತು ಎಂಟು ರಿಟರ್ನು ಮಾಡಿದೆ, ಹದಿನೆಂಟು ಸೀನು ಸೀನಿದೆ. ಹೊರಡುವಾಗ ಸಾರ್ ಹೇಳಿದರು, "ಮಳೆಗೆ ಹೆದರಿದ್ರೆ ನಮ್ಮ ಕಡೆ ಬದುಕ್ಲಿಕ್ಕೆ ಆಗ್ತದಾ? ನಾಳೆ ಸ್ವಲ್ಪ ಬೇಗ ಬನ್ನಿ."

ಗುರುವಾರ ಹಠ ಹಿಡಿದು ಬೇಗ ಹೊರಟೆ. ಸಂಕ ನೀರಿನಿಂದ ಮೇಲೆ ಬಂದಿತ್ತು. ಬಸ್ಸು ಸಮಯಕ್ಕೆ ಬಂತು. ರೈಲೂ ಬಂತು, ಬಲಬದಿಯ ಒಣ ಸೀಟೂ ಸಿಕ್ಕಿತು. ಇಷ್ಟು ಸುಖ ಆಗುವಾಗಲೇ ನನಗೆ ಸಂಶಯ ಬರಬೇಕಿತ್ತು. ಉಳ್ಳಾಲ ದಾಟುವಾಗ ಆಕಾಶ ಕಪ್ಪಾಯಿತು. ನೇತ್ರಾವತಿಯ ಸೇತುವೆಯ ಮೇಲೆ ಹೊಳೆ ಯಾವುದು, ಮಳೆ ಯಾವುದು ಅಂತ ತಿಳಿಯಲಿಲ್ಲ. ಸ್ಟೇಷನ್ನಿನಿಂದ ಹಂಪನಕಟ್ಟೆಗೆ ನಡೆದುಕೊಂಡು ಹೋಗುವಾಗ ರಸ್ತೆಯಲ್ಲಿ ಒಂದೇ ಒಂದು ಶಾಲೆಯ ಮಗು ಕಾಣಲಿಲ್ಲ. ಆಗಲಾದರೂ ತಿಳಿಯಬೇಕಿತ್ತು. ತಿಳಿಯಲಿಲ್ಲ. ಎಂಟು ಮುಕ್ಕಾಲಿಗೆ ಆಫೀಸಿನ ಎದುರು ನಿಂತೆ. ಶಟರ್ ಹಾಕಿತ್ತು.

ಒಂಬತ್ತೂವರೆಗೆ ಫೋನು ಮಾಡಿದೆ.

"ಅಯ್ಯೋ, ನೀವು ಬಂದ್ರಾ?" ಅಂದರು ಸಾರ್. "ನಮ್ಮ ಗಲ್ಲಿಯಲ್ಲಿ ಕಾರಿನ ಚಕ್ರ ಮುಳುಗಿದೆ. ಇವತ್ತು ಇಲ್ಲಿ ಮಕ್ಕಳಿಗೆಲ್ಲ ರಜೆ. ಇಂಥ ಮಳೆಗೆ ಯಾರಾದ್ರೂ ಮನೆಯಿಂದ ಹೊರಡ್ತಾರಾ ಮಾರಾಯ್ರೇ?"

ಕೀ ಇನ್ನೊಂದು ಯಾರ ಹತ್ತಿರ ಉಂಟು ಅಂತ ಕೇಳಿದೆ. ಅದೂ ಅವರ ಕಾರಿನಲ್ಲೇ ಅಂತೆ.

ಕೆಳಗಿನ ಹೋಟೆಲಿನಲ್ಲಿ ಒಂದು ಚಾ ಹೇಳಿ ಮನೆಗೆ ಫೋನು ಮಾಡಿದೆ. ಇವರು ತೆಗೆಯಲಿಲ್ಲ, ಅತ್ತೆ ತೆಗೆದರು. ಹಿಂದಿನಿಂದ ಮಿಕ್ಸಿಯ ಶಬ್ದ ಕೇಳುತ್ತಿತ್ತು.

"ಕರೆಂಟು ಬಂತಾ ಅತ್ತೆ? ಮಳೆ ಹೇಗುಂಟು?"

"ಮಳೆಯಾ? ಕಣ್ಣು ಕುಕ್ಕುವ ಬಿಸಿಲು. ಅವನು ಮದ್ದು ಬಿಡುವವರನ್ನು ಕರಕೊಂಡು ತೋಟಕ್ಕೆ ಹೋದ, ಕೋಟು ಎಲ್ಲಿ ಎಲ್ಲಿ ಅಂತ ನಿನ್ನನ್ನೇ ಬೈತಾ ಇದ್ದ. ಹುಡುಗ ಅತ್ತುಕೊಂಡು ಶಾಲೆಗೆ ಹೋದ. ನಾನು ಹಪ್ಪಳ ಎಲ್ಲ ಅಂಗಳಕ್ಕೆ ಹಾಕಿದ್ದೇನೆ." ಅತ್ತೆ ಒಂದು ಕ್ಷಣ ಸುಮ್ಮನಾದರು. "ಆದ್ರೆ ಈ ಮೊಣಗಂಟು ಯಾಕೋ ಸರಿ ಇಲ್ಲ. ಮಧ್ಯಾಹ್ನದೊಳಗೆ ಒಮ್ಮೆ ಬಂದು ಹಪ್ಪಳ ತೆಗೀಲಿಕ್ಕೆ ಆಗ್ತದಾ ನಿನಗೆ?"