ನುಸ್ರೆತ್‌ನ ನಕಲು ಇದ್ದರೆ ಸಾಲದು

ಟರ್ಕಿಯ ಚಾನಕ್ಕಲೆಗೆ ಹೋದವರು ನುಸ್ರೆತ್ ಹಡಗಿನ ಫೋಟೊ ಹಾಕುವುದನ್ನು ನೀವೂ ನೋಡಿರಬಹುದು. ಅಲ್ಲಿ ನೀರಿನಲ್ಲಿ ನಿಂತಿರುವುದು 2011ರಲ್ಲಿ ಕಟ್ಟಿದ ನಕಲು. ಅಸಲಿ ನುಸ್ರೆತ್ ಇರುವುದು ದೂರದ ದಕ್ಷಿಣದ ಟಾರ್ಸಸ್ ಊರಲ್ಲಿ, ಒಂದು ಪಾರ್ಕಿನೊಳಗೆ. ಮೊದಲ ಮಹಾಯುದ್ಧದ ದಾರಿಯನ್ನೇ ತಿರುಗಿಸಿದ ಹಡಗು ಅದು. ಅದರ ಮುಂದಿನ ಬದುಕನ್ನು ಓದಿದರೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಮೊದಲು ಅದು ಮಾಡಿದ ಕೆಲಸ ಹೇಳುತ್ತೇನೆ.

ನುಸ್ರೆತ್ ದೊಡ್ಡ ಹಡಗೇನಲ್ಲ. ಉದ್ದ ಸುಮಾರು 40 ಮೀಟರ್, ತೂಕ 365 ಟನ್. ಜರ್ಮನಿಯ ಕೀಲ್‌ನಲ್ಲಿ ಕಟ್ಟಿಸಿ, 1913ರಲ್ಲಿ ಒಟ್ಟೊಮನ್ ನೌಕಾಪಡೆಗೆ ಸೇರಿಸಿಕೊಂಡಿದ್ದರು. ಕಡಲಲ್ಲಿ ಮೈನ್, ಅಂದರೆ ಹಡಗು ತಾಗಿದರೆ ಸಿಡಿಯುವ ಬಾಂಬ್, ಹಾಕುವುದೇ ಅದರ ಕೆಲಸ. 1915ರ ಶುರುವಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಚಾನಕ್ಕಲೆ ಇರುವ ಡಾರ್ಡನೆಲ್ಸ್ ಜಲಸಂಧಿಯನ್ನು ಹಡಗುಗಳಿಂದಲೇ ದಾಟಿ ಇಸ್ತಾಂಬುಲ್ ಮುಟ್ಟುವ ಲೆಕ್ಕ ಹಾಕಿದ್ದವು. ತುರ್ಕರು ಆಗಲೇ ಜಲಸಂಧಿಗೆ ಅಡ್ಡಲಾಗಿ ಸಾಲು ಸಾಲು ಮೈನ್ ಹಾಕಿಟ್ಟಿದ್ದರು.

ಆದರೆ ದಡದಲ್ಲಿ ನಿಂತು ನೋಡುತ್ತಿದ್ದವರು ಒಂದು ವಿಷಯ ಗಮನಿಸಿದ್ದರು. ಶತ್ರುಗಳ ಹಡಗುಗಳು ಗುಂಡು ಹಾರಿಸಿ ವಾಪಸ್ ಹೋಗುವಾಗ ಯಾವಾಗಲೂ ಬಲಕ್ಕೆ, ಎರೆನ್‌ಕೊಯ್ ಕೊಲ್ಲಿಯ ಕಡೆಗೆ ತಿರುಗುತ್ತವೆ. ಅಲ್ಲಿ ನೀರು ಅಗಲ, ತಿರುಗಲು ಜಾಗ ಜಾಸ್ತಿ. ಹಾಗಾದರೆ ಅಲ್ಲೇ ಯಾಕೆ ಹಾಕಬಾರದು? ಅದೂ ಅಡ್ಡಕ್ಕಲ್ಲ, ದಡದ ಉದ್ದಕ್ಕೆ? ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಹೊಸ ಆಯುಧ ಬರಲಿಲ್ಲ, ಹೊಸ ಸೈನ್ಯ ಬರಲಿಲ್ಲ. ಯಾರೋ ಕಣ್ಣಿಟ್ಟು ನೋಡಿದರು, ಅಷ್ಟೇ.

ಮಾರ್ಚ್ 8ರ ನಸುಕಿನಲ್ಲಿ ನುಸ್ರೆತ್ 26 ಮೈನ್ ಹೊತ್ತುಕೊಂಡು ಹೊರಟಿತು. ಕ್ಯಾಪ್ಟನ್ ಹೆಸರು ಇಸ್ಮಾಯಿಲ್ ಹಕ್ಕಿ, ಜೊತೆಗೆ ಮೈನ್ ಕೆಲಸದಲ್ಲಿ ಪಳಗಿದ ಹಾಫಿಜ್ ನಜ್ಮಿ. ಆ ಕಾಲದ ಮೈನ್ ಅಂದರೆ ಕೊಂಬುಗಳಿರುವ ಕಬ್ಬಿಣದ ದೊಡ್ಡ ಗುಂಡು, ಅದರ ಕೆಳಗೊಂದು ಭಾರದ ಪೆಟ್ಟಿಗೆ. ಎರಡನ್ನೂ ಡೆಕ್ಕಿನ ಹಳಿಯ ಮೇಲೆ ತಳ್ಳಿಕೊಂಡು ಬಂದು ಹಿಂದಿನಿಂದ ನೀರಿಗೆ ಬಿಡುತ್ತಾರೆ. ಪೆಟ್ಟಿಗೆ ತಳಕ್ಕೆ ಹೋಗಿ ಲಂಗರಿನ ಹಾಗೆ ಕೂರುತ್ತದೆ. ಗುಂಡು ಕೇಬಲ್ಲಿಗೆ ಕಟ್ಟಿಕೊಂಡು ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಮೇಲಿನಿಂದ ಕಾಣುವುದಿಲ್ಲ. ಕೊಂಬಿನೊಳಗೆ ಆಸಿಡ್ ತುಂಬಿದ ಗಾಜಿನ ನಳಿಕೆ. ಹಡಗು ತಾಗಿ ಕೊಂಬು ಬಾಗಿದರೆ ನಳಿಕೆ ಒಡೆಯುತ್ತದೆ, ಆಸಿಡ್‌ನಿಂದ ವಿದ್ಯುತ್ ಹುಟ್ಟುತ್ತದೆ, ಗುಂಡು ಸಿಡಿಯುತ್ತದೆ. ದೀಪ ಆರಿಸಿಕೊಂಡು ಕತ್ತಲಲ್ಲಿ ಹೋಗಿ, ಇಂಥ 26 ಗುಂಡುಗಳನ್ನು ಒಂದೊಂದಾಗಿ ಬಿಟ್ಟು, ಸದ್ದಿಲ್ಲದೆ ವಾಪಸ್ ಬಂದರು. ಮೊದಲೇ ಹೃದಯದ ತೊಂದರೆ ಇದ್ದ ಇಸ್ಮಾಯಿಲ್ ಹಕ್ಕಿ ಈ ಕೆಲಸದ ಬೆನ್ನಿಗೇ ತೀರಿಕೊಂಡರು ಎಂದು ಟರ್ಕಿಯಲ್ಲಿ ಹೇಳುತ್ತಾರೆ.

ಮುಂದಿನ ಹತ್ತು ದಿನ ಬ್ರಿಟಿಷರಿಗೆ ಆ ಸಾಲಿನ ಸುಳಿವು ಸಿಗಲಿಲ್ಲ. ಅವರ ಪರವಾಗಿ ಮೈನ್ ತೆಗೆಯುತ್ತಿದ್ದದ್ದು ಮೀನು ಹಿಡಿಯುವ ಟ್ರಾಲರ್ ಬೋಟುಗಳು, ಅದರಲ್ಲಿದ್ದವರು ಹೆಚ್ಚಿನಂಶ ಮೀನುಗಾರರೇ. ಫಿರಂಗಿ ಗುಂಡಿನ ಕೆಳಗೆ ಆ ಕೆಲಸ ಮಾಡಬೇಕಿತ್ತು ಪಾಪ. ಅವರನ್ನು ಬೈಯುವ ಇತಿಹಾಸಕಾರರ ಮಾತು ನನಗೆ ಒಪ್ಪಿಗೆಯಿಲ್ಲ.

ಮಾರ್ಚ್ 18, ಮಧ್ಯಾಹ್ನ ಎರಡು ಗಂಟೆ ಹೊತ್ತು. ಫ್ರಾನ್ಸಿನ ಬೂವೆ ಯುದ್ಧನೌಕೆ ಅದೇ ಕೊಲ್ಲಿಯಲ್ಲಿ ಬಲಕ್ಕೆ ತಿರುಗಿತು. ಎರಡೇ ನಿಮಿಷದಲ್ಲಿ ಮುಳುಗಿ ಹೋಯಿತು. 600ಕ್ಕೂ ಹೆಚ್ಚು ಜನ ಒಳಗೇ ಉಳಿದರು. ಸಂಜೆಯ ಹೊತ್ತಿಗೆ ಬ್ರಿಟಿಷರ ಇನ್‌ಫ್ಲೆಕ್ಸಿಬಲ್‌ಗೆ ದೊಡ್ಡ ಪೆಟ್ಟು ಬಿತ್ತು. ಇರ್ರೆಸಿಸ್ಟಿಬಲ್ ಮತ್ತು ಓಷನ್ ಎರಡೂ ಹೋದವು. ಓಷನ್ ಬಂದದ್ದೇ ಇರ್ರೆಸಿಸ್ಟಿಬಲ್‌ನ ಸಹಾಯಕ್ಕೆ. ಹಡಗಿನಿಂದಲೇ ಜಲಸಂಧಿ ದಾಟುವ ಆಸೆ ಅಲ್ಲಿಗೆ ಮುಗಿಯಿತು. ಏಪ್ರಿಲ್ 25ಕ್ಕೆ ಬ್ರಿಟನ್, ಫ್ರಾನ್ಸ್ ಕಡೆಯ ಸೈನ್ಯ ಜಲಸಂಧಿಯ ಪಕ್ಕದ ಗಲ್ಲಿಪೊಲಿಯಲ್ಲಿ ಇಳಿಯಿತು. ಆ ಸೈನ್ಯದಲ್ಲಿ ಸಿಖ್ಖರು, ಗೂರ್ಖಾಗಳು, ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ನಮ್ಮ ದೇಶದ ಜನರೂ ಇದ್ದರು. ಎರಡೂ ಕಡೆ ಸೇರಿ ಲಕ್ಷಕ್ಕೂ ಹೆಚ್ಚು ಸಾವು.

ಇಷ್ಟೆಲ್ಲ ಮಾಡಿದ ಹಡಗಿಗೆ ಆಮೇಲೆ ಏನಾಯಿತು?

ನೌಕಾಪಡೆಯಲ್ಲೇ ದುಡಿಯಿತು. 1937ರಲ್ಲಿ ಹೆಸರು ಬದಲಿಸಿ ಯಾರ್ದಿಮ್ ಅಂತ ಕರೆದರು, 1939ರಲ್ಲಿ ಮತ್ತೆ ನುಸ್ರೆತ್ ಮಾಡಿದರು. 1955ರಲ್ಲಿ ಕೆಲಸದಿಂದ ತೆಗೆದರು. 1962ರಲ್ಲಿ ಖಾಸಗಿಯವರಿಗೆ ಮಾರಿಬಿಟ್ಟರು! ಕೊಂಡವರು ಅದನ್ನು ಸರಕು ಹಡಗು ಮಾಡಿಕೊಂಡು, ಕಪ್ತಾನ್ ನುಸ್ರೆತ್ ಅಂತ ಹೆಸರಿಟ್ಟು ಓಡಿಸಿದರು. ಅವರದ್ದು ತಪ್ಪು ಅನ್ನಲಾರೆ. ಅವರಿಗೆ ಅದು ಹೊಟ್ಟೆಪಾಡು. ತಪ್ಪು ಮಾರಿದವರದ್ದು. 1989ರಲ್ಲಿ ಮರ್ಸಿನ್ ಬಂದರಿನಲ್ಲಿ ಅದು ಮುಳುಗಿತು. ಹತ್ತು ವರ್ಷ ನೀರಲ್ಲೇ ಬಿದ್ದಿತ್ತು.

1999ರಲ್ಲಿ ಅದನ್ನು ಮೇಲೆತ್ತಿದ್ದು ಸ್ವಂತ ಇಷ್ಟದಿಂದ ಮುಂದೆ ಬಂದ ಜನರ ಗುಂಪು. ಆಮೇಲೆ ಟಾರ್ಸಸ್ ನಗರಸಭೆ ಅದನ್ನು ಕೊಂಡು, ರಿಪೇರಿ ಮಾಡಿಸಿ, ಜನ ನೋಡುವ ಹಾಗೆ ನಿಲ್ಲಿಸಿತು. ಆ ಊರಿಗೂ ಆ ಯುದ್ಧಕ್ಕೂ ನೇರ ಸಂಬಂಧವಿಲ್ಲ. ಆದರೂ ಮಾಡಿದರು. ಅಸಲಿ ಹಡಗನ್ನು ಚಾನಕ್ಕಲೆಗೇ ಒಯ್ಯಬೇಕಲ್ವಾ ಅಂತ ಯಾರಾದರೂ ಕೇಳಿದರೆ ನಾನು ಬೇಡ ಅನ್ನುತ್ತೇನೆ. ಯಾರಿಗೂ ಬೇಡವಾಗಿದ್ದಾಗ ಕೈ ಹಿಡಿದ ಊರಲ್ಲೇ ಅದು ಇರಲಿ.

ನಕಲು ಇದೆಯಲ್ಲ, ಇನ್ನೇನು ಬೇಕು ಅನ್ನುವವರೂ ಇದ್ದಾರೆ. ನಕಲಿನಿಂದ ಆಕಾರ ಗೊತ್ತಾಗುತ್ತದೆ, ಮಕ್ಕಳಿಗೆ ಪಾಠ ಹೇಳಲು ಅನುಕೂಲ, ನಿಜ. ಆದರೆ ಆ ನಸುಕಿನಲ್ಲಿ ಆ ಕೊಲ್ಲಿಯೊಳಗೆ ಹೋಗಿ ಬಂದ ಕಬ್ಬಿಣ ಅದಲ್ಲ. ಹೊಸ ತಗಡು ಎಷ್ಟೇ ಚೆಂದ ಹೊಳೆದರೂ ಬೂವೆಯಲ್ಲಿ ಸತ್ತ 600 ಜನರಿಗೂ ಅದಕ್ಕೂ ಸಂಬಂಧವಿಲ್ಲ.

ನಾವು ಟರ್ಕಿಯವರಿಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ. 1971ರ ಯುದ್ಧದಲ್ಲಿ ಬಂಗಾಳ ಕೊಲ್ಲಿಯಲ್ಲಿ ಹೋರಾಡಿದ ವಿಕ್ರಾಂತ್, ಮುಂಬೈಯಲ್ಲಿ ಮ್ಯೂಸಿಯಂ ಆಗಿತ್ತು. ಉಳಿಸಿ ಅಂತ ಜನ ಕೋರ್ಟಿಗೂ ಹೋದರು. 2014ರಲ್ಲಿ ಅದು ಗುಜರಿಗೆ ಹೋಯಿತು. ಅದರ ಉಕ್ಕಿನಿಂದ ಬೈಕ್ ಮಾಡಿ ಮಾರಿದಾಗ ಎಷ್ಟೋ ಜನ ಹೆಮ್ಮೆಪಟ್ಟರು. ನನಗೆ ಸಂಕಟವೇ ಆಗಿತ್ತು.

ನಮ್ಮ ಕಾರವಾರದಲ್ಲಿ, ಟಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಾಪೆಲ್ ಯುದ್ಧನೌಕೆ ಮ್ಯೂಸಿಯಂ ಆಗಿ ಈಗಲೂ ನಿಂತಿದೆ. ಕರಾವಳಿಯ ಉಪ್ಪುಗಾಳಿ, ಮಳೆ ಕಬ್ಬಿಣವನ್ನು ಸುಮ್ನೆ ಬಿಡುವುದಿಲ್ಲ. ಪೇಂಟಿಂಗ್, ವೆಲ್ಡಿಂಗ್ ಅಂತ ಖರ್ಚು ಇದ್ದೇ ಇರುತ್ತದೆ. ಆ ಕಡೆ ಹೋದಾಗ ದಯವಿಟ್ಟು ಹೊರಗಿನಿಂದ ಸೆಲ್ಫಿ ತೆಗೆದು ಬರಬೇಡಿ. ಟಿಕೆಟ್ ತೆಗೆದುಕೊಂಡು ಮಕ್ಕಳ ಜೊತೆ ಒಳಗೆ ಹೋಗಿ. ಎಲ್ಲಾದರೂ ತುಕ್ಕು ತಿಂದದ್ದು ಕಂಡರೆ ಫೋಟೊ ಸಮೇತ ಜಿಲ್ಲಾಡಳಿತಕ್ಕೆ ಬರೆಯಿರಿ.