ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ವಿದೇಶಿ ಸಪ್ಲೈಯರ್ ಖಾತೆ ರೂಪಾಯಿ ಬಿಟ್ಟು ಡಾಲರ್‌ನಲ್ಲಿರಬೇಕೇ?

ಪರ

ಬಳ್ಳಾರಿಯ ಜೀನ್ಸ್ ಘಟಕವೊಂದು ಚೀನಾದಿಂದ ಜಿಪ್, ಗುಂಡಿ, ರಿವೆಟ್ ಸಾಲದ ಮೇಲೆ ತರಿಸಿತು ಎಂದಿಟ್ಟುಕೊಳ್ಳಿ. ಬಿಲ್ 10,000 ಡಾಲರ್, ಅಂದಿನ ದರ 83 ರೂಪಾಯಿ. ಖಾತೆಗೆ 8,30,000 ಜಮೆ. ಮುಂದೆ 3,000 ಡಾಲರನ್ನು 84ರ ದರದಲ್ಲಿ, ಉಳಿದ 7,000 ಡಾಲರನ್ನು 85ರಲ್ಲಿ ಕಟ್ಟಿದರೆ ಬ್ಯಾಂಕಿನಿಂದ ಹೋಗುವುದು 8,47,000. ಒಂದು ಸೆಂಟೂ ಬಾಕಿಯಿಲ್ಲ. ಆದರೂ ರೂಪಾಯಿ ಖಾತೆ ತೆರೆದು ನೋಡಿದರೆ ಸಪ್ಲೈಯರೇ ನಮಗೆ 17,000 ಕೊಡಬೇಕು ಎಂದಿರುತ್ತದೆ! ವರ್ಷದ ಕೊನೆಗೆ ಅದು ‘ರೌಂಡ್ ಆಫ್’ಗೋ ‘ಇತರೆ ಖರ್ಚಿ’ಗೋ ಸೇರಿಹೋಗುತ್ತದೆ. ಡಾಲರ್ ಏರಿದ್ದರಿಂದ ಒಂದೊಂದು ಪ್ಯಾಂಟಿನ ಮೇಲೆ ಎಷ್ಟು ಕೈಬಿಟ್ಟಿತು ಎಂಬುದು ಮಾಲೀಕರಿಗೆ ತಿಳಿಯುವುದೇ ಇಲ್ಲ. ಹಳೇ ರೇಟಿಗೇ ಮುಂದಿನ ಆರ್ಡರ್ ಒಪ್ಪಿಕೊಳ್ಳುತ್ತಾರೆ. ನನಗೆ ಸಂಕಟವಾಗುವುದು ಇಲ್ಲಿ.

ಖಾತೆ ಡಾಲರ್‌ನಲ್ಲಿದ್ದರೆ ಬಾಕಿ ಸೊನ್ನೆ, ವಿನಿಮಯ ನಷ್ಟ 17,000. ಸಪ್ಲೈಯರ್ ಕಳಿಸುವ ಸ್ಟೇಟ್‌ಮೆಂಟಿಗೂ ನಮ್ಮ ಲೆಡ್ಜರಿಗೂ ಸಾಲುಸಾಲಿಗೆ ತಾಳೆ. ಮಾರ್ಚ್ 31ಕ್ಕೆ ಬಾಕಿ ಉಳಿದಿದ್ದರೆ ಅದನ್ನು ಅಂದಿನ ದರಕ್ಕೆ ತಂದು ವ್ಯತ್ಯಾಸವನ್ನು ಲಾಭ-ನಷ್ಟಕ್ಕೆ ಹಾಕಬೇಕೆಂದು ವಿದೇಶಿ ಕರೆನ್ಸಿ ಲೆಕ್ಕದ ನಿಯಮವಾದ ಅಕೌಂಟಿಂಗ್ ಸ್ಟ್ಯಾಂಡರ್ಡ್ 11 ಹೇಳುತ್ತದೆ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಕರೆನ್ಸಿ ಸೇರಿಸಿ ದರ ಕೊಟ್ಟರೆ, ಜರ್ನಲ್ (ಹೊಂದಾಣಿಕೆಯ ಎಂಟ್ರಿ) ಹಾಕಿ ಸರಿಪಡಿಸುವವರೆಗೂ ಆ ವ್ಯತ್ಯಾಸ ಬ್ಯಾಲೆನ್ಸ್ ಶೀಟಿನಲ್ಲೇ ಎದ್ದು ಕಾಣುತ್ತಿರುತ್ತದೆ.

ವಿರೋಧ

ಆ ಲೆಕ್ಕ ಸರಿ, ಆದರೆ ಅದು ಸಾಲದ ವ್ಯವಹಾರದ್ದು. ಹೊಸ, ಸಣ್ಣ ಗಿರಾಕಿಗೆ ಚೀನಾದವರು ಸಾಲ ಕೊಡುವುದು ಅಪರೂಪ, ಶೇ. 30 ಮುಂಗಡ, ಉಳಿದ ಶೇ. 70 ಸರಕು ಹಡಗೇರುವ ಮೊದಲು, ಇದೇ ಸಾಮಾನ್ಯ ಷರತ್ತು. ಪೂರ್ತಿ ಹಣ ಮೊದಲೇ ಹೋದ ಮೇಲೆ ಏರಿಳಿಯಲು ಬಾಕಿ ಎಲ್ಲಿದೆ? ಸರಕಿಗೆಂದು ಕೊಟ್ಟ ಮುಂಗಡವನ್ನು ಮಾರ್ಚ್ 31ರ ದರಕ್ಕೆ ಬದಲಿಸಬೇಕಿಲ್ಲ ಎನ್ನುವುದೂ ಅದೇ ಸ್ಟ್ಯಾಂಡರ್ಡ್. ಇನ್ನು ಡೆನಿಮ್ ಬಟ್ಟೆ ಬರುವುದು ಅಹಮದಾಬಾದಿನಿಂದ, ರೂಪಾಯಿಯಲ್ಲೇ.

ನಿಜವಾದ ತಲೆನೋವು ಬೇರೆ. ಆಮದು ಸರಕಿಗೆ ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿರುವುದು ಕಸ್ಟಮ್ಸ್‌ನ ದರ, ಬ್ಯಾಂಕ್ ಹಾಕುವುದು ತನ್ನ ಟಿಟಿ ಸೆಲ್ಲಿಂಗ್ ದರ (ಹೊರದೇಶಕ್ಕೆ ಹಣ ಕಳಿಸಲು ಡಾಲರ್ ಮಾರುವ ದರ), ಸಾಫ್ಟ್‌ವೇರ್ ತಾನಾಗಿ ತಂದುಕೊಳ್ಳುವುದು ಮತ್ತೊಂದು. ಆಮದಿನ ಮೇಲಿನ ಜಿಎಸ್‌ಟಿಯಾದ ಐಜಿಎಸ್‌ಟಿ ಕಟ್ಟುವುದು ಕಸ್ಟಮ್ಸ್‌ಗೆ, ಆ ದರದ ಮೇಲೆ, ರೂಪಾಯಿಯಲ್ಲಿ. ಗೊತ್ತಿಲ್ಲದವರು ಅದನ್ನು ಡಾಲರ್ ಬಿಲ್ಲಿನೊಳಗೇ ತುಂಬಿದರೆ ಸಪ್ಲೈಯರ್ ಬಾಕಿ ಉಬ್ಬುತ್ತದೆ, ಮರಳಿ ಪಡೆಯಬಹುದಾದ ತೆರಿಗೆ ತೋರಿಸುವ ಜಿಎಸ್‌ಟಿಆರ್-2ಬಿಗೆ ತಾಳೆಯಾಗುವುದಿಲ್ಲ. ತರಿಸಿದ್ದು ಕಸೂತಿ ಯಂತ್ರವಾದರೆ ಇನ್ನೂ ಗೋಜಲು. ಬಾಕಿ ಕಟ್ಟುವಾಗಿನ ದರವ್ಯತ್ಯಾಸ ಆದಾಯ ತೆರಿಗೆ ಲೆಕ್ಕದಲ್ಲಿ ಯಂತ್ರದ ಬೆಲೆಗೇ ಸೇರಬೇಕು. ಸಾಫ್ಟ್‌ವೇರ್ ಅದನ್ನೂ ವಿನಿಮಯ ಲಾಭ-ನಷ್ಟಕ್ಕೇ ಹಾಕುತ್ತದೆ. ಮತ್ತೆ ಕೈಯಿಂದಲೇ ಜರ್ನಲ್.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬೇರೆ ಕರೆನ್ಸಿಯ ಈ ಸೌಲಭ್ಯ ಒಮ್ಮೆ ಆನ್ ಮಾಡಿದರೆ ಆಫ್ ಮಾಡಲು ಬರುವುದಿಲ್ಲ. ಎಂಟ್ರಿ ಬಿದ್ದ ಮೇಲೆ ಆ ಸಪ್ಲೈಯರ್‌ನ ಕರೆನ್ಸಿಯನ್ನೂ ಬದಲಿಸುವಂತಿಲ್ಲ. ಬಳ್ಳಾರಿಯ ಕೌಲ್ ಬಜಾರಿನ ಸಣ್ಣ ಘಟಕದಲ್ಲಿ ಲೆಕ್ಕ ಬರೆಯುವವರು ವಾರಕ್ಕೊಮ್ಮೆ ಬಂದುಹೋಗುವವರಾದರೆ ಇದನ್ನು ಸಂಭಾಳಿಸುವವರು ಯಾರು? ವರ್ಷಕ್ಕೆ ಎರಡು ಮೂರು ಕನ್‌ಸೈನ್‌ಮೆಂಟ್ ತರಿಸುವವರು ರೂಪಾಯಿ ಖಾತೆಯನ್ನೇ ಇಟ್ಟುಕೊಳ್ಳಲಿ. ಎಂಟ್ರಿಯ ಕೆಳಗಿನ ವಿವರಣೆಯಲ್ಲಿ (ನರೇಷನ್) ಡಾಲರ್ ಮೊತ್ತ, ದರ ಬರೆಯಲಿ. ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಸ್ವಿಫ್ಟ್ ಪ್ರತಿಯನ್ನು ಬಿಲ್ಲಿನ ಜೊತೆಗೆ ಪಿನ್ ಮಾಡಿಡಲಿ. ಸಾಲದ ಮೇಲೆ ಸರಕು ಸಿಗತೊಡಗಿದ ದಿನ ಡಾಲರ್ ಖಾತೆ ತೆರೆದರಾಯಿತು.