ಹೊಸ ಆಲೋಚನೆಗೆ ಟಿಕೆಟ್ ಬೇಕೆ?

ಸಮಾಜ ಬದಲಾವಣೆಯ ಹೊಸ ಆಲೋಚನೆಗಳು ಚಿಂತಕರೂ ಕಲಾವಿದರೂ ಒಂದೆಡೆ ಸೇರುವ ಮಹಾನಗರದ ಸಮಾವೇಶಗಳಲ್ಲೇ ಹುಟ್ಟುತ್ತವೆ ಎಂದು ನಾನು ಓದಿದ ಲೇಖನವೊಂದರಲ್ಲಿ ಅದರ ಲೇಖಕರು ಹೇಳಿರುವ ಮಾತನ್ನು ಕೋಲಾರದವನಾದ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನಮ್ಮ ತೇರಹಳ್ಳಿ ಬೆಟ್ಟದ ಮೇಲೆ ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯನವರು ಸಂಗಾತಿಗಳೊಡನೆ ಕಟ್ಟಿದ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ ‘ಹುಣ್ಣಿಮೆ ಹಾಡು’ ಕಾರ್ಯಕ್ರಮದ ರಾತ್ರಿ ಕುಳಿತವರಿಗೆ ಕಾರಣ ತಿಳಿದಿರುತ್ತದೆ. ಒಮ್ಮೆ ಅಲ್ಲಿ ಹಿರಿಯರೊಬ್ಬರು ತಮಟೆಯ ಚರ್ಮವನ್ನು ಬೆಂಕಿಗೆ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಹದ ನೋಡುತ್ತಿದ್ದರೆ, ಸಾವಿನ ಮನೆಯ ವಾದ್ಯವೆಂದು ಊರು ದೂರವಿಟ್ಟಿದ್ದ ಅದನ್ನೇ ಕಲಿಯಲು ಕಾಲೇಜು ಹುಡುಗಿಯೊಬ್ಬಳು ಪಕ್ಕದಲ್ಲಿ ಕಾದು ಕುಳಿತಿದ್ದಳು. ಆ ದಿನ ಜಾತಿಯ ಕುರಿತು ಭಾಷಣವೂ ಇತ್ತು (ತುಸು ಉದ್ದವೇ ಆಯಿತೆನ್ನಿ); ನನ್ನ ನೆನಪಿನಲ್ಲಿ ಉಳಿದದ್ದು ಮಾತ್ರ ಆ ಹುಡುಗಿ.

ಲೇಖನದಲ್ಲಿ ಎಚ್. ನರಸಿಂಹಯ್ಯನವರ ಪ್ರಸ್ತಾಪ ಇರಬೇಕಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಅವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿ, ಅದುವರೆಗೆ ಯಾರೂ ಬಹಿರಂಗವಾಗಿ ಕೇಳಲು ಹಿಂಜರಿಯುತ್ತಿದ್ದ ಪ್ರಶ್ನೆಗಳನ್ನು ಕೇಳಿದರು. ಅವರು 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳು ಸಾರ್ವಜನಿಕರೆಲ್ಲರಿಗೂ ತೆರೆದಿದ್ದವು. ಲೇಖಕರು ಹೊಗಳಿರುವ ಸಮಾವೇಶಗಳ ಪ್ರವೇಶ ಶುಲ್ಕವನ್ನು ನಮ್ಮ ತಮಟೆಯ ಹಿರಿಯರು ಭರಿಸಬಲ್ಲರೇ ಎಂಬುದನ್ನೂ ಅವರು ದಯವಿಟ್ಟು ತಿಳಿಸಲಿ.